ಒಮ್ಮೆ ಕಾರಿಳಿದು, ಒಮ್ಮೆ ಬೆಟ್ಟವಿಳಿದು

ದಕ್ಷಿಣ ಫ್ರಾನ್ಸಿನ ಕೊಂಕ್ ಎಂಬ ಹಳ್ಳಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೆಯದು ಲೆಕ್ಕಕ್ಕಿಲ್ಲ. ತುಲೂಸಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, ಆಗಸ್ಟ್ ತಿಂಗಳ ಒಂದು ಭಾನುವಾರ, ಊರ ಹೊರಗೆ ಕಾರು ನಿಲ್ಲಿಸಿ, ನೂಕುನುಗ್ಗಲಿನಲ್ಲಿ ಎರಡು ಗಂಟೆ ಸುತ್ತಿ, ಫೋಟೊ ತೆಗೆದುಕೊಂಡು ಮರಳಿದ್ದೆ. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೊಗಳಲ್ಲಿ ಬೇರೆಯವರ ಟೋಪಿಗಳೇ ಇದ್ದವು.

ಎರಡನೆಯ ಸಲ ಅಕ್ಟೋಬರಿನಲ್ಲಿ ನಡೆದುಕೊಂಡು ಹೋದೆ. ಫ್ರಾನ್ಸಿನ ಲ ಪ್ಯುಯಿ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊ ಕಡೆಗೆ ಸಾಗುವ ಹಳೆಯ ಯಾತ್ರಾಮಾರ್ಗ ಈ ಊರನ್ನು ಹಾದುಹೋಗುತ್ತದೆ; ಈಗ ಅದರ ಹೆಸರು ಜಿಆರ್ 65, ಅಂದರೆ ಫ್ರಾನ್ಸಿನ ದೂರ ನಡಿಗೆಯ ಹಾದಿಗಳಲ್ಲಿ 65ನೆಯದು. ಇಡೀ ಹಾದಿ ತುಳಿಯುವಷ್ಟು ರಜೆ ಇರಲಿಲ್ಲ. ಹಿಂದಿನ ಹಳ್ಳಿಗಳಲ್ಲಿ ಒಂದಾದ ಎಸ್ಪೇರಾಕ್‌ವರೆಗೆ ಗೆಳೆಯನ ಕಾರಿನಲ್ಲಿ ಹೋಗಿ ಇಳಿದೆ. ಅಲ್ಲಿಂದ ಕೊಂಕ್ ಸುಮಾರು 12 ಕಿಲೋಮೀಟರ್.

ಹಾದಿಯ ಗುರುತು ಸರಳ. ಮರ, ಬಂಡೆ, ಕಂಬಗಳ ಮೇಲೆ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ. ಅವೆರಡೂ ಕತ್ತರಿಯಾಕಾರದಲ್ಲಿದ್ದರೆ ಆ ಕಡೆ ಹೋಗಬಾರದು. ಒಂಟಿ ಹಳದಿ ಪಟ್ಟಿ ಆಯಾ ಊರಿನ ಸಣ್ಣ ಸುತ್ತುಹಾದಿಯದು. ಇಷ್ಟು ತಿಳಿದೂ ಸೆನೆರ್ಗ್ ದಾಟಿದ ಮೇಲೆ ಮೊಬೈಲ್ ನೋಡುತ್ತ ಒಂದು ಕತ್ತರಿಯನ್ನು ಗಮನಿಸದೆ ಮುಂದೆ ಹೋದೆ. ಕೊನೆಗೆ ಒಂದು ದನದ ಬೇಲಿಯೇ ನನ್ನನ್ನು ತಡೆಯಿತು. ಅಂದಿನಿಂದ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ: ಐದು ನಿಮಿಷ ಗುರುತು ಕಾಣದಿದ್ದರೆ ಕೊನೆಯದಾಗಿ ಕಂಡ ಗುರುತಿನವರೆಗೆ ಹಿಂದಕ್ಕೆ ನಡೆಯುವುದು. ಇನ್ನೊಂದು ಮಾತು, ಬ್ರೆಡ್ಡನ್ನು ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಿ. ನಾನು ನೆಚ್ಚಿಕೊಂಡಿದ್ದ ಬೇಕರಿಗೆ ಸೋಮವಾರ ರಜೆ.

ಸೇಂ ಮಾರ್ಸೆಲ್ ಕಳೆದ ಮೇಲೆ ಹಾದಿ ಒಮ್ಮೆಲೇ ಇಳಿಯುತ್ತದೆ. ಪದರಗಲ್ಲಿನ ಮೇಲೆ ಒದ್ದೆ ಎಲೆ ಬಿದ್ದು ಕಾಲು ಜಾರುತ್ತಿತ್ತು. ಕೋಲು ತಾರದಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಆದರೆ ಕೊಂಕ್ ಅರ್ಥವಾದದ್ದು ಈ ಇಳಿಜಾರಿನಲ್ಲಿಯೇ. ಲ್ಯಾಟಿನಿನಲ್ಲಿ ಕೊಂಕ ಎಂದರೆ ಚಿಪ್ಪು. ಕಣಿವೆಯ ಆ ಚಿಪ್ಪಿನೊಳಗೆ ಕಲ್ಲುಹಲಗೆ ಹೊದಿಸಿದ ಮಾಡುಗಳು ಒಂದರ ಮೇಲೊಂದು ಕುಳಿತಿವೆ, ನಡುವೆ ಸೇಂತ್ ಫ್ವಾ ಮಠದ ಗೋಪುರಗಳು. ಕಾರಿನಿಂದ ಇಳಿದವನಿಗೆ ಇದು ಕಂಡಿರಲಿಲ್ಲ.

ಸೇಂತ್ ಫ್ವಾ ಆಜೆನ್ ಪಟ್ಟಣದಲ್ಲಿ ಹುತಾತ್ಮಳಾದಳೆನ್ನುವ ಎಳೆಯ ಹುಡುಗಿ. ಅವಳ ಅಸ್ಥಿ ಇಲ್ಲಿಗೆ ಬಂದದ್ದು 9ನೇ ಶತಮಾನದಲ್ಲಿ, ಕಳ್ಳತನದಿಂದ. ಕೊಂಕ್‌ನ ಸಂನ್ಯಾಸಿಯೊಬ್ಬ ಆಜೆನ್‌ನಲ್ಲಿ ವರ್ಷಗಟ್ಟಲೆ ನಂಬಿಕಸ್ಥನಾಗಿದ್ದು, ಸಮಯ ನೋಡಿ ಎತ್ತಿಕೊಂಡು ಬಂದನಂತೆ. ಊರಿಗೆ ಈ ವಿಷಯದಲ್ಲಿ ಯಾವ ಸಂಕೋಚವೂ ಇದ್ದಂತಿಲ್ಲ. ಚಿನ್ನದ ತಗಡು ಹೊದಿಸಿ ರತ್ನ ಕೂಡಿಸಿದ ಅವಳ ಕುಳಿತ ಪ್ರತಿಮೆ ಭಂಡಾರದಲ್ಲಿದೆ.

ಮಠದ ಚರ್ಚಿನ ಪಶ್ಚಿಮ ಬಾಗಿಲಿನ ಮೇಲಿನ ಅಂತಿಮ ತೀರ್ಪಿನ, ಅಂದರೆ ಲೋಕದ ಕೊನೆಯಲ್ಲಿ ದೇವರು ಎಲ್ಲರ ಪಾಪಪುಣ್ಯ ವಿಚಾರಿಸುವ ಶಿಲ್ಪವನ್ನು ಇಳಿಹೊತ್ತಿನಲ್ಲಿ ನೋಡಿ, ಬಿಸಿಲು ನೇರವಾಗಿ ಬೀಳುತ್ತದೆ. 12ನೇ ಶತಮಾನದ ಈ ಅರ್ಧವೃತ್ತದಲ್ಲಿ 124 ಆಕೃತಿಗಳಿವೆ. ನಾನು ಮೆಟ್ಟಿಲ ಮೇಲೆ ಕುಳಿತು ಒಂದೂವರೆ ಗಂಟೆ ಕಳೆದೆ. ದೇವದೂತನೊಬ್ಬ ನಮ್ಮ ಚಿತ್ರಗುಪ್ತನಂತೆ ಪುಸ್ತಕ ತೆರೆದು ಹಿಡಿದಿದ್ದಾನೆ. ಕೆಳಗೆ ಪಾಪಪುಣ್ಯ ತೂಗುವ ತಕ್ಕಡಿ; ಪಕ್ಕದಲ್ಲಿ ನಿಂತ ಸೈತಾನ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಅದುಮುತ್ತಿದ್ದಾನೆ! ಸಂತೆಯಲ್ಲಿ ಇಂಥವರನ್ನು ನೋಡಿದ್ದೇನೆ. ಜಿಪುಣ ಕೊರಳಿಗೆ ಹಣದ ಚೀಲ ಕಟ್ಟಿಕೊಂಡೇ ನೇಣಿನಲ್ಲಿ ತೂಗುತ್ತಾನೆ. ಕಮಾನಿನ ಅಂಚಿನಿಂದ ಪುಟ್ಟ ಮುಖಗಳು ಇಣುಕಿ ಇದನ್ನೆಲ್ಲ ನೋಡುತ್ತಿವೆ. ಅವನ್ನು ಗುರುತಿಸಲು ನನಗೆ ಅರ್ಧ ಗಂಟೆ ಬೇಕಾಯಿತು. 1837ರಲ್ಲಿ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿ ಬಂದ ಲೇಖಕ ಮೇರಿಮೇ ವರದಿ ಬರೆಯದಿದ್ದರೆ ಇದು ನಮ್ಮ ಕಾಲದವರೆಗೆ ನಿಲ್ಲುತ್ತಿತ್ತೋ ಇಲ್ಲವೋ.

ಚರ್ಚಿನ ಕಿಟಕಿಗಳ ಬಗ್ಗೆ ಜಗಳವಿದೆ. ಹತ್ತಿರದ ರೊದೆಜ್ ಪಟ್ಟಣದವರೇ ಆದ ಚಿತ್ರಕಾರ ಪಿಯೆರ್ ಸುಲಾಜ್ ರೂಪಿಸಿದ ಈ ಗಾಜುಗಳು 1994ರಲ್ಲಿ ಉದ್ಘಾಟನೆಯಾದವು. ಬಣ್ಣವಿಲ್ಲ, ಚಿತ್ರವಿಲ್ಲ, ಹಾಲಿನಂಥ ಗಾಜು, ಕಪ್ಪು ಗೆರೆ. ಮೊದಲ ಭೇಟಿಯಲ್ಲಿ ಸ್ನಾನದ ಮನೆಯ ಗಾಜೆಂದು ನಕ್ಕಿದ್ದೆ. ಈ ಸಲ ಸಂಜೆಯೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕುಳಿತು ನೋಡಿದೆ. ಬೂದು, ನೀಲಿ, ನಸುಗೆಂಪು, ಹೊರಗಿನ ಹೊತ್ತು ಹೇಗೋ ಹಾಗೆ. ನಗು ವಾಪಸ್ ತೆಗೆದುಕೊಂಡೆ.

ರಾತ್ರಿ ತಂಗುಮನೆಯಲ್ಲಿ ಮಾಂಸ ಬೇಡವೆಂದು ಮೊದಲೇ ಫೋನ್ ಮಾಡಿ ಹೇಳಿದ್ದೆ, ಅಲಿಗೊ ಸಿಕ್ಕಿತು. ಬೇಯಿಸಿ ನುರಿದ ಆಲೂಗಡ್ಡೆಗೆ ಹಸಿ ಚೀಸ್, ಬೆಳ್ಳುಳ್ಳಿ ಸೇರಿಸಿ ನೂಲಿನಂತೆ ಎಳೆ ಬರುವ ತನಕ ತಿರುವಿದ್ದು. ಎರಡನೆಯ ಸಲ ಬಡಿಸಿದಾಗ ಬೇಡವೆನ್ನಲಿಲ್ಲ.

ಬೆಳಿಗ್ಗೆ ದೂರ್ದು ನದಿಯ ಸೇತುವೆಗೆ ಇಳಿದೆ. ರೋಮನ್ ಸೇತುವೆ ಎನ್ನುತ್ತಾರಾದರೂ ಅದು ಮಧ್ಯಯುಗದ್ದು. ಯಾತ್ರಿಕರನ್ನು ಸೂಚಿಸುವ ಸ್ಥಳೀಯ ಮಾತು 'ರುಮಿಯು' ಬಾಯಿಂದ ಬಾಯಿಗೆ ಹಾಗಾಯಿತಂತೆ. 1998ರಲ್ಲಿ ಯುನೆಸ್ಕೊ ಮಠದ ಜೊತೆಗೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸೇತುವೆ ದಾಟಿದೊಡನೆ ಎದುರು ಗುಡ್ಡದ ಏರು. ನಡುದಾರಿಯಲ್ಲಿ ಸೇಂತ್ ಫ್ವಾಳ ಸಣ್ಣ ಗುಡಿ, ಅದಕ್ಕೊಂದು ಗಂಟೆ. ಮುಂದೆ ಹೋಗುವ ಯಾತ್ರಿಕರು ಅದನ್ನು ಬಾರಿಸುವುದು ರೂಢಿ. ನಾನು ಮುಂದೆ ಹೋಗುವವನಲ್ಲ, ಮಧ್ಯಾಹ್ನ ಹಿಂದಿರುಗಬೇಕಾದವನು. ಬಾರಿಸಬಹುದೇ ಎಂದು ಸ್ವಲ್ಪ ಹೊತ್ತು ನಿಂತೆ. ಹಗ್ಗ ಮಂಜಿಗೆ ನೆನೆದಿತ್ತು. ಎರಡನೆಯ ಸಲ ಎಳೆದಾಗ ಸದ್ದು ಬಂತು.