ಒಂದಕ್ಕೆ, ಎರಡಕ್ಕೆ: ಕಕ್ಕದ ಚಿತ್ರಪುಸ್ತಕ ಮಾಡಿದ ನನ್ನ ಅನುಭವ

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ತರಗತಿಯ ಮೇಷ್ಟ್ರು. ಕೂಡುವ ಲೆಕ್ಕ ಹೇಳಿಕೊಡುತ್ತಾ ‘ಒಂದಕ್ಕೆ ಎರಡು ಕೂಡಿಸಿದರೆ ಎಷ್ಟು’ ಎಂದು ಕೇಳಿದ ದಿನವೆಲ್ಲ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ಸಾಲಿನಿಂದ ಒಂದು ಕಿರುಬೆರಳು ಮೇಲೇಳುತ್ತದೆ, ಇಡೀ ತರಗತಿ ನಗೆಯಲ್ಲಿ ಮುಳುಗುತ್ತದೆ. ಆದರೆ ಹೀಗೆ ನಗುವ ಮಕ್ಕಳಲ್ಲೇ ಕೆಲವರು ನಿಜವಾಗಿ ಒಂದಕ್ಕೋ ಎರಡಕ್ಕೋ ಬಂದಾಗ ಬಾಯಿ ಬಿಡುವುದಿಲ್ಲ. ಮಳೆಗಾಲದಲ್ಲಿ ಶಾಲೆಯ ಹಿಂದಿನ ಶೌಚಾಲಯಕ್ಕೆ ಹೋಗುವ ಹಾದಿಯ ತುಂಬ ರಕ್ತ ಹೀರುವ ಉಂಬಳ. ಅದಕ್ಕೆ ಹೆದರಿಯೋ, ಕೇಳಲು ನಾಚಿಯೋ, ಸಂಜೆಯವರೆಗೆ ತಡೆದುಕೊಂಡು ಕುಳಿತು ಕೊನೆಗೆ ‘ಹೊಟ್ಟೆನೋವು ಸಾರ್’ ಎನ್ನುತ್ತಾರೆ. ಆ ನಗೆಯನ್ನೂ ಈ ಮೌನವನ್ನೂ ಮಾತಾಡಿಸಬೇಕೆಂಬ ಆಸೆಯಿಂದ ನಾನು ಕಕ್ಕದ ಬಗ್ಗೆ ಒಂದು ಚಿತ್ರಪುಸ್ತಕ ಮಾಡಲು ಹೊರಟೆ.

ಈ ವಿಷಯದಲ್ಲಿ ಹೊರದೇಶದವರು ನಮಗಿಂತ ಮೊದಲೇ ಸಂಕೋಚ ಬಿಟ್ಟಿದ್ದಾರೆ. ಜಪಾನಿನ ತಾರೊ ಗೋಮಿ ಎಲ್ಲ ಪ್ರಾಣಿಗಳೂ ಕಕ್ಕ ಮಾಡುತ್ತವೆ ಎಂಬ ಒಂದೇ ಸಂಗತಿಯ ಮೇಲೆ 1977ರಲ್ಲಿಯೇ ಪುಸ್ತಕ ಮಾಡಿದ್ದರು. 1989ರಲ್ಲಿ ಜರ್ಮನಿಯಲ್ಲಿ ವರ್ನರ್ ಹೋಲ್ಜ್‌ವಾರ್ತ್ ಬರೆದು ವುಲ್ಫ್ ಎರ್ಲ್‌ಬ್ರುಖ್ ಚಿತ್ರಿಸಿದ ಪುಸ್ತಕದಲ್ಲಿ, ತಲೆಯ ಮೇಲೆ ಯಾರದೋ ಕಕ್ಕ ಬಿದ್ದ ಬಿಲದ ಪ್ರಾಣಿಯೊಂದು ಅದನ್ನು ಹೊತ್ತುಕೊಂಡೇ ‘ಇದು ನಿನ್ನದೇ?’ ಎಂದು ಎಲ್ಲರನ್ನೂ ವಿಚಾರಿಸುತ್ತಾ ಹೋಗುತ್ತದೆ. ಅಂಥ ಪ್ರಾಣಿ ನಮ್ಮ ಮಕ್ಕಳಿಗೆ ಪರಿಚಯವಿಲ್ಲವಾದ್ದರಿಂದ ನಾನು ಅದನ್ನು ಹೆಗ್ಗಣ ಮಾಡಿಕೊಂಡು ಕಥೆಯನ್ನು ಬಾಯಿಮಾತಿನಲ್ಲಿ ಹೇಳಿದೆ. ಹೇಳುತ್ತಿದ್ದಾಗಲೇ ನನಗೊಂದು ವಿಷಯ ಹೊಳೆಯಿತು. ಕುದುರೆಯ ಸರದಿ ಬಂದಾಗ ನನ್ನ ಬಾಯಿಂದ ತಾನಾಗಿಯೇ ‘ಲದ್ದಿ’ ಎಂದು ಬಂತು, ಹಸುವಿನ ಸರದಿಗೆ ‘ಸಗಣಿ’, ಮೇಕೆಯ ಸರದಿಗೆ ‘ಹಿಕ್ಕೆ’. ನಾನು ಎಲ್ಲಿಯೋ ಹುಡುಕುತ್ತಿದ್ದ ಪುಸ್ತಕದ ಹಂದರ ಮನೆಮಾತಿನಲ್ಲೇ ಸಿದ್ಧವಾಗಿ ಕುಳಿತಿತ್ತು.

ಆದರೂ ಮೊದಲನೆಯ ಪ್ರತಿಯಲ್ಲಿ ನಾನು ಎಡವಿದೆ. ಚಡ್ಡಿಯಲ್ಲೇ ಮಾಡಿಕೊಳ್ಳುವ ಪುಟ್ಟ ಎಂಬ ಹುಡುಗನನ್ನು ನಾಯಕನನ್ನಾಗಿ ಮಾಡಿ, ಅವನ ಪೇಚಾಟವನ್ನೇ ಪುಟದಿಂದ ಪುಟಕ್ಕೆ ಬೆಳೆಸಿದ್ದೆ. ಓದಿದ ದಿನ ಮಕ್ಕಳು ಬಿದ್ದು ಬಿದ್ದು ನಕ್ಕರು, ನಾನೂ ಬೀಗಿದೆ. ಅದೇ ವಾರ ತರಗತಿಯ ಮಗುವೊಂದಕ್ಕೆ ಹಾಗೆಯೇ ಆಯಿತು, ಉಳಿದವರು ಅವನನ್ನು ‘ಪುಟ್ಟ, ಪುಟ್ಟ’ ಎಂದು ಕರೆಯಲು ಶುರುಮಾಡಿದರು. ಆ ಹೆಸರನ್ನು ಅವರ ಬಾಯಿಗೆ ಕೊಟ್ಟವನು ನಾನು. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಮತ್ತೆ ತೆಗೆಯಲಿಲ್ಲ.

ಎರಡನೆಯ ಪುಸ್ತಕದಲ್ಲಿ ಮಕ್ಕಳೇ ಇಲ್ಲ. ಪ್ರಾಣಿಗಳಿವೆ, ಮತ್ತು ಕೊಡೆ ಹಿಡಿದು ಬರುವಾಗ ಪ್ರತಿ ಪುಟದಲ್ಲೂ ಏನನ್ನೋ ತುಳಿಯುವ ಒಬ್ಬ ಮೇಷ್ಟ್ರಿದ್ದಾರೆ. ದೊಡ್ಡವರು, ಅದರಲ್ಲೂ ಬೈಯುವ ಅಧಿಕಾರವಿರುವವರು, ಸಗಣಿ ತುಳಿದರೆ ಮಕ್ಕಳಿಗೆ ಸಿಗುವ ಸಂತೋಷಕ್ಕೆ ಎಣೆಯಿಲ್ಲ. ಅದರಿಂದ ಯಾವ ಮಗುವಿಗೂ ಅಡ್ಡಹೆಸರು ಅಂಟುವುದಿಲ್ಲ. ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಮಡಚಿ ನಡುವೆ ಹೊಲಿದರೆ 16 ಪುಟವಾಗುತ್ತದೆ. ಬಲಪುಟದ ಕೊನೆಯಲ್ಲಿ ಸದ್ದು ಮಾತ್ರ ಇರುತ್ತದೆ: ತೊಪ್, ಪಟಪಟ, ಧೊಪ್. ಪುಟ ತಿರುಗಿಸಿದ ಮೇಲೆಯೇ ವಸ್ತು ಕಾಣಬೇಕು. ಈ ತಮಾಷೆಯ ಜೀವವೆಲ್ಲ ಹಾಳೆ ಮಗುಚುವ ಆ ಅರೆಗಳಿಗೆಯಲ್ಲಿದೆ, ಆದ್ದರಿಂದ ಓದುವವರು ಅಲ್ಲಿ ಅವಸರ ಮಾಡಬಾರದು. ಸಕ್ರೆಬೈಲಿನ ಬಿಡಾರದ ಆನೆಗಳನ್ನು ನೋಡಿದ ಮಕ್ಕಳು ಲದ್ದಿಗೆ ಎರಡು ಪುಟ ಬೇಕೇ ಬೇಕೆಂದು ಹಟ ಹಿಡಿದರು. ಆನೆ ತಿಂದದ್ದರಲ್ಲಿ ಅರ್ಧವೂ ಅದಕ್ಕೆ ಜೀರ್ಣವಾಗುವುದಿಲ್ಲವಾದ್ದರಿಂದ ಅವರ ಹಟ ನ್ಯಾಯವಾದದ್ದೇ.

ಬಣ್ಣಕ್ಕೆ ಕೆಮ್ಮಣ್ಣನ್ನೂ ಹುರಿದು ಕಪ್ಪಾಗಿಸಿದ ಅಕ್ಕಿಯನ್ನೂ ಅರೆದುಕೊಂಡೆ. ಮಲೆನಾಡಿನ ಮನೆಗೋಡೆಗಳ ಮೇಲೆ ಬರೆಯುವ ಹಸೆ ಚಿತ್ತಾರದ ಈ ಬಣ್ಣಗಳನ್ನು ಇಂಥ ಕೆಲಸಕ್ಕೆ ಬಳಸಿದ್ದಕ್ಕೆ ನಮ್ಮೂರಿನ ಚಿತ್ತಾರದ ಅಜ್ಜಿಯರು ನನ್ನನ್ನು ಕ್ಷಮಿಸಬೇಕು. ಪರಿಣಾಮ ಎಷ್ಟು ಚೆನ್ನಾಗಿತ್ತೆಂದರೆ ಇಬ್ಬರು ಮಕ್ಕಳು ಪುಟವನ್ನು ಮೂಸಿ ನೋಡಿದರು. ಮೊಬೈಲಿನಲ್ಲಿ ಬರುವ, ಕಣ್ಣು ಬಾಯಿಯುಳ್ಳ ಗೋಪುರದಂಥ ಕಕ್ಕವನ್ನು ಬರೆಯಬಾರದೆಂದು ಮೊದಲೇ ನಿಶ್ಚಯಿಸಿದ್ದೆ, ಏಕೆಂದರೆ ದನ ಕಾಯುವ ಮನೆಯ ಮಕ್ಕಳಿಗೆ ನಿಜವಾದ ಆಕಾರ ಗೊತ್ತಿರುತ್ತದೆ. ಎಮ್ಮೆಯ ಸಗಣಿಯನ್ನು ನಾನು ಬೆರಣಿಯಂತೆ ದುಂಡಗೆ ಬರೆದಿದ್ದಾಗ ಒಬ್ಬ ಹುಡುಗ ತಲೆಯಾಡಿಸಿ, ‘ಮಳೆಗಾಲದಾಗೆ ಹಿಂಗಿರಲ್ಲ ಸಾರ್, ಹಸಿಹುಲ್ಲು ತಿಂದು ನೀರು ನೀರಾಗಿರ್ತದೆ’ ಎಂದ. ಕೊಡೆ ಹಿಡಿದ ಮೇಷ್ಟ್ರಿರುವ ಪುಸ್ತಕದಲ್ಲಿ ಬೇಸಿಗೆಯ ಸಗಣಿ ಇರಲು ಹೇಗೆ ಸಾಧ್ಯ? ಆ ಪುಟವನ್ನು ಮತ್ತೆ ಬರೆದೆ.

ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡ ಪುಟ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯದು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕುಳಿತು ತನ್ನದೇ ಹಿಕ್ಕೆಯಿಂದ ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಹಣ್ಣು ತಂದುಕೊಡುವಷ್ಟು ಸಣ್ಣ ಸೀಳನ್ನು ಮಾತ್ರ ಬಿಟ್ಟು, ಗೂಡು ಕೊಳೆಯಾಗದಂತೆ ಅದೇ ಸೀಳಿನತ್ತ ಬಾಲ ತಿರುಗಿಸಿ ಹೊರಕ್ಕೆ ಪಿಚಕಾರಿ ಹೊಡೆಯುತ್ತದೆ. ನನ್ನ ಪುಸ್ತಕದಲ್ಲಿ ಅದರ ಕೆಳಗೆ ಯಾರು ನಿಂತಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ನಕ್ಕು ಮುಗಿಸಿದ ಮೇಲೆ ಒಬ್ಬಳು, ‘ಮರಿಗಳೂ ಹಂಗೇ ಮಾಡ್ತಾವಾ?’ ಎಂದು ಕೇಳಿದಳು. ಮಾಡುತ್ತವೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಕಿರುಬೆರಳೆತ್ತಿ ಹೊರಗೆ ಹೋಗಿಬಂದಳು. ಅದುವರೆಗೆ ಒಮ್ಮೆಯೂ ಕೇಳದಿದ್ದ ಹುಡುಗಿ ಅವಳು.

ಮನೆಗಳಿಂದ ಆಕ್ಷೇಪ ಬಾರದೆ ಇರಲಿಲ್ಲ. ಒಬ್ಬ ಅಜ್ಜಿ ಶಾಲೆಗೇ ಬಂದು, ‘ಸಗಣಿ ಬರೀರಿ ಮೇಷ್ಟ್ರೇ, ಅದ್ರಲ್ಲೇ ಅಂಗಳ ಸಾರಿಸ್ತೀವಿ. ಮನುಷ್ಯರದ್ದು ಮಾತ್ರ ಬ್ಯಾಡ’ ಎಂದರು. ನಾನು ಪುಸ್ತಕವನ್ನು ಅವರ ಕೈಗಿಟ್ಟೆ. ಮಂಗಟ್ಟೆಯ ಪುಟದಲ್ಲಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹದಿನಾರನೆಯ ಪುಟವನ್ನು ಖಾಲಿ ಬಿಟ್ಟಿದ್ದೆ. ಮಕ್ಕಳು ಅದನ್ನು ಒಂದೇ ದಿನದಲ್ಲಿ ತುಂಬಿದರು: ಶೌಚಾಲಯದ ಬಾಗಿಲು, ಕಾಲಿಗೆ ಹತ್ತಿದ ಏಳು ಉಂಬಳ, ಗಾಳಿಗೆ ತಿರುಗಿಬಿದ್ದ ಕೊಡೆ, ಎರಡು ಬೆರಳೆತ್ತಿಕೊಂಡು ಓಡುತ್ತಿರುವ ಮೇಷ್ಟ್ರು. ಕನ್ನಡಕ ನನ್ನದೇ.