ಪೇಪರ್ ಇಲ್ಲದ ಝೀ/28: ತಾರೀಖು ನೋಡಿ ಅಸಲಿ ಗಾಡಿ ಹಿಡಿದೆ

ಶೆವರ್ಲೆಯ ಹಳೆಯ ಕಾರು, 1969ರ ಕ್ಯಾಮರೊ ಝೀ/28 ಹುಡುಕುತ್ತಿದ್ದೇನೆ ಅಂದಾಗ ಡೆಟ್ರಾಯಿಟ್ ಕಡೆಯ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ಬಿಲ್ಡ್ ಶೀಟ್ (ಗಾಡಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯಲ್ಲಿ ಬರೆದ ಹಾಳೆ) ಇಲ್ಲದ ಗಾಡಿ ಮುಟ್ಟಬೇಡ. ನಾನು ಅಂಥದ್ದನ್ನೇ ಕೊಂಡೆ. ಅದು ಅಸಲಿ ಅಂತ ಈಗ ಅವರೇ ಒಪ್ಪಿದ್ದಾರೆ.

ಪಾಂಟಿಯಾಕ್ ಆದರೆ ಹಳೆಯ ದಾಖಲೆ ಕೊಡುವ ಪಿಎಚ್‌ಎಸ್ ಸಂಸ್ಥೆಯಿಂದ ಇನ್‌ವಾಯ್ಸ್ ತರಿಸಬಹುದು, ಮಸ್ಟ್ಯಾಂಗ್‌ಗೆ ಫೋರ್ಡ್ ದಾಖಲೆಗಳಿಂದ ಮಾಡಿಕೊಡುವ ಮಾರ್ಟಿ ರಿಪೋರ್ಟ್ ಇದೆ. ಕ್ಯಾಮರೊದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಮಾತ್ರ ಇಂಜಿನ್ ವಿ8 ಅಂತ ಹೇಳಿ ಸುಮ್ಮನಾಗುತ್ತದೆ, ಝೀ/28 ಹೌದೋ ಅಲ್ಲವೋ ಹೇಳುವುದಿಲ್ಲ. ಸಾದಾ 307 ಇಂಜಿನ್ನಿನ ಗಾಡಿಯನ್ನು ಝೀ/28 ಮಾಡಿ ಮಾರುವವರಿಗೆ ಅಷ್ಟು ಸಾಕು.

ಒಹಾಯೊದಲ್ಲಿ ಒಂದು ನೋಡಿದೆ. ಟ್ರಿಮ್ ಟ್ಯಾಗ್‌ನಲ್ಲಿ (ಕಾರ್ಖಾನೆಯ ಕೋಡ್‌ಗಳಿರುವ ತಗಡು) ಝೀ/28ರ ಕೋಡ್ ಎಕ್ಸ್33, ವಿಐಎನ್‌ನಲ್ಲಿ ಲಾಸ್ ಏಂಜಲೀಸ್ ಕಾರ್ಖಾನೆಯ ಎಲ್. ಎಕ್ಸ್ ಕೋಡ್ ಹಾಕುತ್ತಿದ್ದದ್ದು ನಾರ್‌ವುಡ್ ಕಾರ್ಖಾನೆ, ಲಾಸ್ ಏಂಜಲೀಸ್ ಗಾಡಿಗೆ ಅದು ಬರುವುದೇ ಇಲ್ಲ. ಅಲ್ಲಿಂದಲೇ ವಾಪಸ್. ಇನ್ನೊಂದಕ್ಕೆ ಪರಿಣತರೊಬ್ಬರನ್ನು ಕರೆಸಿದೆ, ಆರುನೂರು ಡಾಲರ್ ಹತ್ತಿರ ಹೋಯಿತು. ಎಲ್ಲ ನಂಬರ್ ತಾಳೆಯಾಗುತ್ತೆ ಅಂತ ರಿಪೋರ್ಟ್ ಕೊಟ್ಟರು. ನಾನೇ ಗಾಡಿ ಕೆಳಗೆ ಮಲಗಿ ಇಂಜಿನ್ ಬ್ಲಾಕಿನ ಹಿಂದೆ, ಗೇರ್‌ಬಾಕ್ಸ್ ಸೇರುವ ಬೆಲ್‌ಹೌಸಿಂಗ್ ಪಕ್ಕ ನೋಡಿದೆ: ಸಿ 20 9. ಎ ಜನವರಿ, ಬಿ ಫೆಬ್ರವರಿ, ಸಿ ಮಾರ್ಚ್; ಕೊನೆಯ 9 ಅಂದರೆ 1969. ಅಂದರೆ ಮಾರ್ಚ್ 20ರಂದು ಎರಕ ಹೊಯ್ದ ಬ್ಲಾಕ್. ಬ್ಲಾಕಿನ ಮುಂದಿನ ಪ್ಯಾಡ್‌ನಲ್ಲಿ (ನಂಬರ್ ಒತ್ತುವ ಸಮತಟ್ಟಾದ ಜಾಗ) ವಿ0212ಡಿಝೀ, ಫೆಬ್ರವರಿ 12ಕ್ಕೆ ಇಂಜಿನ್ ಜೋಡಿಸಿದ್ದು! ಡಿಝೀ ಅಂದರೆ ಝೀ/28 ಇಂಜಿನ್ನಿನ ಕೋಡ್. ಇನ್ನೂ ಹುಟ್ಟದ ಬ್ಲಾಕಿಗೆ ಸ್ಟ್ಯಾಂಪ್ ಹೇಗೆ ಬೀಳುತ್ತೆ?

ಅಲ್ಲಿಂದ ನನ್ನ ದಾರಿ ಸ್ಪಷ್ಟವಾಯಿತು. ಮೊದಲು ಡಿಝೀ ಅಕ್ಷರ ನೋಡುವುದಿಲ್ಲ, ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳುತ್ತೇನೆ.

ಇಂಡಿಯಾನಾದ ಗಾಡಿ ಗಾರ್ನೆಟ್ ರೆಡ್. ಕೇಳಿದ್ದು ಸುಮಾರು 68 ಸಾವಿರ ಡಾಲರ್. ಟ್ಯಾಗ್‌ನಲ್ಲಿ 03ಎ, ಮಾರ್ಚ್ ಮೊದಲ ವಾರ. ಬ್ಲಾಕ್ ಬಿ 11 9, ಜೋಡಣೆ ವಿ0219ಡಿಝೀ. ಮನ್ಸಿ ಗೇರ್‌ಬಾಕ್ಸ್ ಪಿ9ಬಿ15ಬಿ, ಅಂದರೆ ಫೆಬ್ರವರಿ 15. ಹಾಲಿ ಕಂಪನಿಯ ಕಾರ್ಬ್ಯುರೇಟರ್‌ನಲ್ಲಿ ಮಾದರಿ ನಂಬರ್ 4053, ಅದರ ಕೆಳಗೆ 922, ಅಂದರೆ ಫೆಬ್ರವರಿ ಎರಡನೇ ವಾರ. ಎಲ್ಲವೂ ಗಾಡಿಗಿಂತ ಮುಂಚೆ, ಎಲ್ಲವೂ ಹತ್ತಿರ ಹತ್ತಿರ. ಆಲ್ಟರ್ನೇಟರ್ ಮಾತ್ರ 9ಇ, ಮೇ ತಿಂಗಳದ್ದು. ಅದನ್ನು ನೋಡಿ ನನಗೆ ಧೈರ್ಯ ಜಾಸ್ತಿಯಾಯಿತು. ನಕಲಿ ಮಾಡುವವನು ಇಂಥ ಹುಳುಕು ಬಿಡುವುದಿಲ್ಲ, ಅಲ್ವಾ?

ಪ್ಯಾಡ್ ನೋಡಲು ಆಲ್ಟರ್ನೇಟರ್ ಸರಿಸಿ, ಬ್ರೇಕ್ ಕ್ಲೀನರ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ವೈರ್ ಬ್ರಷ್ ಹತ್ತಿರಕ್ಕೂ ತರಬೇಡಿ. ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಬ್ರೋಚ್ ಗೆರೆಗಳು (ಕಾರ್ಖಾನೆಯ ಯಂತ್ರ ಬ್ಲಾಕನ್ನು ಕೆತ್ತಿದಾಗ ಬಿದ್ದ ಗೆರೆಗಳು) ಎದ್ದು ಕಂಡವು: ಹಿಂದಿನಿಂದ ಮುಂದಕ್ಕೆ ನೇರ, ಸಣ್ಣ, ಒತ್ತೊತ್ತಾಗಿ. ಅಕ್ಷರಗಳು ಆ ಗೆರೆಗಳ ಮೇಲೆ ಒತ್ತಿದ್ದವು. ಉಜ್ಜಿ ಮತ್ತೆ ಸ್ಟ್ಯಾಂಪ್ ಹಾಕಿದ ಕಡೆ ಈ ಗೆರೆ ಹೀಗೆ ಉಳಿದಿರುವುದಿಲ್ಲ.

ಇಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ಟ್ರೇಸಿಂಗ್ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದ್ದು ಕೆಲಸಕ್ಕೆ ಬರಲಿಲ್ಲ, ಗೆರೆಗಳು ಮೂಡಲೇ ಇಲ್ಲ. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಸಿಲಿಕೋನ್ ಪೇಸ್ಟ್ ಮೂವತ್ತು ಡಾಲರ್ ಕೊಟ್ಟು ತಂದೆ. ಅದರಲ್ಲಿ ಕೂದಲೆಳೆಯಷ್ಟು ಗೆರೆಯೂ ಬಂತು. ಇನ್ನೊಂದು ಅಸಲಿ ಡಿಝೀ ಅಚ್ಚಿನ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅನುಮಾನ ಉಳಿಯಲಿಲ್ಲ.

ಪ್ಯಾಡ್‌ನಲ್ಲಿ ವಿಐಎನ್‌ನ ಒಂದು ಭಾಗವೂ ಒತ್ತಿರುತ್ತದೆ. 19ಎನ್5ರಿಂದ ಶುರುವಾಗುವ ಆ ನಂಬರನ್ನು, ಮುಂದಿನ ಗಾಜಿನ ಬುಡದ ಕೌಲ್ ಪ್ಯಾನೆಲ್ ಎತ್ತಿಸಿ ಒಳಗಿನ ಗುಪ್ತ ವಿಐಎನ್ ಜೊತೆ ತಾಳೆ ನೋಡಿದೆ. ಮಾರುವವರು ಮೊದಲು ಒಪ್ಪಲಿಲ್ಲ. ಇನ್ನೂರು ಡಾಲರ್ ಕೊಟ್ಟು ಅವರ ಮೆಕ್ಯಾನಿಕ್ ಕೈಯಲ್ಲೇ ತೆಗೆಸಿದೆ. ಇವಲ್ಲದೆ ಇನ್ನೂ ಎರಡು ಕಡೆ ನಾನು ತಾರೀಖು ನೋಡುತ್ತೇನೆ. ಅವನ್ನು ಬರೆಯುವುದಿಲ್ಲ, ನಕಲಿ ಮಾಡುವವರೂ ಓದುತ್ತಾರೆ.

ಪೇಪರ್ ಇಲ್ಲ, ಆಲ್ಟರ್ನೇಟರ್ ಬೇರೆ ಅಂತ ಚೌಕಾಸಿ ಮಾಡಿ 59 ಸಾವಿರಕ್ಕೆ ಮುಗಿಸಿದೆ. ಪರೀಕ್ಷೆಯ ಖರ್ಚೆಲ್ಲ ಸೇರಿ ಸಾವಿರದೈನೂರು ಆಗಿರಬಹುದು. ಈಗ 9ಬಿ ತಾರೀಖಿನ ಡೆಲ್ಕೊ ಆಲ್ಟರ್ನೇಟರ್ ಬೇಕು. ಯಾರ ಹತ್ತಿರವಾದರೂ ಇದ್ದರೆ ಸ್ಟ್ಯಾಂಪಿನ ಫೋಟೊ ತೆಗೆದಿಡಿ, ನಾನೇ ಬಂದು ನೋಡುತ್ತೇನೆ.