ಹಳೇ ಕಂದು ಸೂಟಿಗೆ ಬಣ್ಣ ಹೊಂದಿಸಲು ನಾನು ಕಲಿತದ್ದು

ನನ್ನ ಮೊದಲ ಹಳೇ ಕಾಲದ ಸೂಟು ಕಡು ಕಂದು ಬಣ್ಣದ್ದು. ದಪ್ಪ ಉಣ್ಣೆ ಬಟ್ಟೆ. ಕೋಟು, ವೇಸ್ಟ್‌ಕೋಟು, ಪ್ಯಾಂಟು ಮೂರೂ ಇದ್ದವು. ಕೈಗೆ ಬಂದ ದಿನವೇ ಹಾಕಿಕೊಂಡೆ. ಕಂದು ಬಣ್ಣಕ್ಕೆ ಕಂದೇ ಸರಿ ಅಂದುಕೊಂಡು ಕಂದು ಟೈ ಕಟ್ಟಿದೆ, ಕಂದು ಶೂ ಹಾಕಿದೆ, ಕಂದು ಟೋಪಿ ಇಟ್ಟೆ. ಒಳಗೆ ಹೊಚ್ಚ ಹೊಸ ಬಿಳಿ ಶರ್ಟು.

ಕನ್ನಡಿ ಮುಂದೆ ನಿಂತರೆ ಯಾಕೋ ಮನಸ್ಸಿಗೆ ಒಪ್ಪಲಿಲ್ಲ. ಒಂದೊಂದಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇದ್ದವು. ಒಟ್ಟಿಗೆ ಸೇರಿದಾಗ ಟೈ ಕೆಂಪಗೆ ಕಾಣುತ್ತಿತ್ತು, ಟೋಪಿ ಹಳದಿ ಹೊಡೆಯುತ್ತಿತ್ತು, ಸೂಟು ಮಂಕಾಗಿತ್ತು. ಶರ್ಟಿನ ಬಿಳಿಯೊಂದೇ ಕಣ್ಣಿಗೆ ರಾಚುತ್ತಿತ್ತು. ತುಂಬಾ ಬೇಸರವಾಯಿತು. ಇಷ್ಟು ಒಳ್ಳೆಯ ಬಟ್ಟೆ, ಇಷ್ಟು ಒಳ್ಳೆಯ ಹೊಲಿಗೆ, ನಾನು ಹಾಕಿಕೊಂಡ ರೀತಿಯಲ್ಲಿ ಅದರ ಚೆಲುವೇ ಕಾಣುತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕಿಟಕಿ ಪಕ್ಕ ಒಂದು ಬಿಳಿ ಹಾಳೆ ಹಾಸಿದೆ. ಅದರ ಮೇಲೆ ಸೂಟಿನ ತೋಳು, ಟೈ, ಟೋಪಿ ಮೂರನ್ನೂ ಅಂಟಿಸಿದ ಹಾಗೆ ಪಕ್ಕಪಕ್ಕ ಇಟ್ಟೆ. ಆಗ ತಿಳಿಯಿತು. ಒಂದೇ ಇದ್ದಾಗ ಎಲ್ಲವೂ 'ಕಂದು'. ಪಕ್ಕದಲ್ಲಿ ಇನ್ನೊಂದು ಕಂದು ಬಂದ ಕೂಡಲೇ ಪ್ರತಿಯೊಂದೂ ಒಂದೊಂದು ಕಡೆ ವಾಲುತ್ತದೆ. ಟೈ ಇಟ್ಟಿಗೆಯ ಕಡೆ, ಟೋಪಿ ಒಣ ಹುಲ್ಲಿನ ಕಡೆ, ಸೂಟು ಬೂದಿಯ ಕಡೆ. ಅವತ್ತಿನಿಂದ ಇಂದಿನವರೆಗೂ ನಾನು ಮೊದಲು ಮಾಡುವ ಕೆಲಸ ಇದೇ. ಈ ಕಂದು ಯಾವ ಕಡೆ ವಾಲುತ್ತದೆ? ಕೆಂಪಿಗಾ, ಹಳದಿಗಾ, ಹಸಿರಿಗಾ, ಬೂದಿಗಾ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಮನಬಿಲ್ಲಿನಲ್ಲಿ ಕಂದು ಬಣ್ಣ ಇಲ್ಲ, ಗಮನಿಸಿದ್ದೀರಾ? ಕಿತ್ತಳೆ ಬಣ್ಣದ ಬೆಳಕನ್ನು ತಗ್ಗಿಸಿ, ಸುತ್ತ ಅದಕ್ಕಿಂತ ಬೆಳ್ಳಗಿನದನ್ನು ಇಟ್ಟರೆ ನಮ್ಮ ಕಣ್ಣು ಅದನ್ನು ಕಂದು ಅನ್ನುತ್ತದೆ. ಅಂದರೆ ಕಂದು ಎಂಬುದು ಮಬ್ಬಾದ ಕಿತ್ತಳೆ. ಬಣ್ಣದ ಚಕ್ರದಲ್ಲಿ ಕಿತ್ತಳೆಗೆ ಎದುರು ಇರುವುದು ನೀಲಿ. ಕಂದು ಸೂಟಿಗೆ ತಿಳಿ ನೀಲಿ ಶರ್ಟು ಅಷ್ಟು ಚೆನ್ನಾಗಿ ಒಪ್ಪುವುದು ಇದೇ ಕಾರಣಕ್ಕೆ. ಇದನ್ನು ಓದಿ ತಿಳಿದ ಮೇಲೆ ಆ ಬಿಳಿ ಶರ್ಟನ್ನು ಪಕ್ಕಕ್ಕಿಟ್ಟು, ತೊಳೆದು ತೊಳೆದು ಮಾಸಿದ ಒಂದು ತಿಳಿ ನೀಲಿ ಶರ್ಟು ಹಾಕಿ ನೋಡಿದೆ. ಮಂಕಾಗಿದ್ದ ಸೂಟಿಗೆ ಜೀವ ಬಂತು. ಬೂದಿಯ ಅಡಿಯಲ್ಲಿ ಅಡಗಿದ್ದ ಬೆಚ್ಚಗಿನ ಬಣ್ಣ ಆಗ ಮೇಲೆ ಬಂತು.

ಬಿಳಿ ಶರ್ಟನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ಈಗಿನ ಬಿಳಿ ಬಟ್ಟೆಗೆ, ಸೋಪಿನ ಪುಡಿಗೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ. ಅದರಿಂದ ಬಿಳಿಗೆ ಒಂದು ನೀಲಿ ಮಿಂಚು ಬರುತ್ತದೆ. ಹಳೇ ಉಣ್ಣೆಯ ಪಕ್ಕ ಆ ಮಿಂಚು ಹೊಂದುವುದಿಲ್ಲ. ಅದಕ್ಕೆ ಕೆನೆ ಬಣ್ಣದ ಶರ್ಟು, ಇಲ್ಲವೇ ಬಣ್ಣ ಹಾಕದ ಹತ್ತಿಯ ಬಿಳಿ ತೆಗೆದುಕೊಳ್ಳುತ್ತೇನೆ. ಕಂದು ಗೆರೆಯ ಕೆನೆ ಬಣ್ಣದ ಶರ್ಟಂತೂ ಯಾವ ಕಂದಿಗೂ ಮೋಸ ಮಾಡಿಲ್ಲ.

ಇನ್ನು ಮೈಬಣ್ಣದ ಮಾತು. ನನ್ನ ಮೈಬಣ್ಣವೇ ಕಂದು. ಸೂಟಿನ ಗಾಢತೆ ಮುಖದ ಗಾಢತೆಗೆ ಸರಿಸಮ ಆದರೆ ಮುಖ ಸೂಟಿನಲ್ಲಿ ಕರಗಿಹೋಗುತ್ತದೆ. ಒಂದು ನಡುಮಟ್ಟದ ಕಂದು ಕೋಟು ನನಗೆ ಹೀಗೇ ಕೈಕೊಟ್ಟಿತು. ಅಳತೆ ಸರಿಯಾಗಿತ್ತು, ಹೊಲಿಗೆ ಚೆನ್ನಾಗಿತ್ತು, ಆದರೂ ಮುಖ ಬಾಡಿದ ಹಾಗೆ ಕಾಣುತ್ತಿತ್ತು. ಮುಖಕ್ಕಿಂತ ಚೆನ್ನಾಗಿ ಗಾಢವಾದದ್ದು ಅಥವಾ ಚೆನ್ನಾಗಿ ತಿಳಿಯಾದದ್ದು ಆದರೆ ಈ ತೊಂದರೆ ಇಲ್ಲ. ಬಿಡಲು ಮನಸ್ಸಿಲ್ಲದ ಕೋಟಾದರೆ ಕತ್ತಿನ ಹತ್ತಿರ ತಿಳಿ ಬಣ್ಣದ ಶರ್ಟು ಜಾಸ್ತಿ ಕಾಣುವ ಹಾಗೆ ನೋಡಿಕೊಳ್ಳಬೇಕು. 1930ರ ದಶಕದ ಉದ್ದ ಚೂಪು ಕಾಲರ್ ಇಲ್ಲಿ ಬಹಳ ಸಹಾಯ ಮಾಡುತ್ತದೆ. ಅದು ಮುಖದ ಕೆಳಗೆ ಬೆಳಕಿನ ಎರಡು ತುಂಡು ಇಟ್ಟ ಹಾಗೆ.

ಆ ಕಾಲದವರು ಬಣ್ಣವನ್ನು ಹೇಗೆ ಹೊಂದಿಸುತ್ತಿದ್ದರು ಎಂದು ನೋಡಲು ಹೊರಟೆ. ತೊಂದರೆ ಏನೆಂದರೆ, ಆಗಿನ ಫೋಟೋಗಳು ಬಹುಪಾಲು ಕಪ್ಪು ಬಿಳುಪು. ನೋಡಿ ನೋಡಿ ನಮಗೆ ಆ ಕಾಲದ ಗಂಡಸರೆಲ್ಲ ಬೂದು ಬಣ್ಣವನ್ನೇ ಹಾಕುತ್ತಿದ್ದರು ಅನ್ನಿಸಿಬಿಟ್ಟಿದೆ. ನನಗೆ ದಾರಿ ತೋರಿಸಿದ್ದು ಬಣ್ಣದ ಚಿತ್ರಗಳು. ಅಮೆರಿಕದಲ್ಲಿ 1931ರಲ್ಲಿ ಬಟ್ಟೆ ವ್ಯಾಪಾರಿಗಳಿಗಾಗಿ ಅಪ್ಯಾರಲ್ ಆರ್ಟ್ಸ್ ಎಂಬ ಪತ್ರಿಕೆ ಶುರುವಾಯಿತು. ಅದರಲ್ಲಿ ನಿಜವಾದ ಬಟ್ಟೆಯ ಚೂರುಗಳನ್ನೇ ಅಂಟಿಸಿ ಕೊಡುತ್ತಿದ್ದರು. ಎರಡು ವರ್ಷದ ನಂತರ, 1933ರಲ್ಲಿ, ಎಸ್ಕ್ವೈರ್ ಎಂಬ ಗಂಡಸರ ಪತ್ರಿಕೆ ಬಂತು. ಲಾರೆನ್ಸ್ ಫೆಲೋಸ್ ಎಂಬ ಕಲಾವಿದ ಇವುಗಳಿಗೆ ಬಿಡಿಸಿದ ಚಿತ್ರಗಳನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಕಂದು ಸೂಟಿಗೆ ನೀಲಿ ಶರ್ಟು, ಮರೂನ್ ಟೈ. ಕಂದು ಟ್ವೀಡ್ (ಒರಟು ಉಣ್ಣೆ ಬಟ್ಟೆ) ಕೋಟಿನ ಕೆಳಗೆ ಬೂದು ಫ್ಲಾನೆಲ್ (ಮೆತ್ತನೆಯ ಉಣ್ಣೆ ಬಟ್ಟೆ) ಪ್ಯಾಂಟು. ಹಸಿರು ಟೋಪಿ. ನಾವು ಹೆದರುವ ಬಣ್ಣಗಳನ್ನು ಅವರು ಸಲೀಸಾಗಿ ಹಾಕುತ್ತಿದ್ದರು.

ಇಂಗ್ಲೆಂಡಿನಲ್ಲಿ ಮಾತ್ರ ಒಂದು ಕಟ್ಟುಪಾಡು ಇತ್ತು. ಪೇಟೆಯಲ್ಲಿ ಕಂದು ಬೇಡ ಎಂಬುದು. ಲಂಡನ್ನಿನಲ್ಲಿ ವ್ಯವಹಾರಕ್ಕೆ ಹೋಗುವವರು ಕಪ್ಪು, ಬೂದು, ಕಡು ನೀಲಿ ಹಾಕಬೇಕು. ಕಂದು ಏನಿದ್ದರೂ ಹಳ್ಳಿ ಮನೆಗೆ, ಬೇಟೆಗೆ, ವಾರದ ಕೊನೆಗೆ. ಮುಂದೆ ಬ್ರಿಟನ್ನಿನ ದೊರೆ ಎಂಟನೇ ಎಡ್ವರ್ಡ್ ಆದ ವೇಲ್ಸ್ ರಾಜಕುಮಾರ 1920ರ ದಶಕದಲ್ಲಿ ನೀಲಿ ಸೂಟಿನ ಜೊತೆ ಕಂದು ಸ್ವೇಡ್ (ಹೊಳಪಿಲ್ಲದ ಮೆತ್ತನೆಯ ಚರ್ಮ) ಶೂ ಹಾಕಿದ್ದು ದೊಡ್ಡ ಸುದ್ದಿಯಾಗಿದ್ದೇ ಇದರಿಂದ. ನನಗೆ ಆ ಕಟ್ಟುಪಾಡು ಬೇಕಿಲ್ಲ. ಆದರೆ ಅದರ ಹಿಂದಿನ ಒಂದು ಸೂಕ್ಷ್ಮ ನಿಜ. ಕಂದು ಬಣ್ಣ ಮಣ್ಣು, ತೊಗಟೆ, ಒಣ ಎಲೆಗಳ ಬಣ್ಣ. ಅದರ ಪಕ್ಕ ಹೊರಗಿನ ಬಯಲಿನಲ್ಲಿ ಸಿಗುವ ಬಣ್ಣಗಳೇ ಚೆನ್ನಾಗಿ ಕೂರುತ್ತವೆ.

ಟ್ವೀಡ್ ಸೂಟು ನನಗೆ ಇದನ್ನು ಕಲಿಸಿತು. ದೂರದಿಂದ ನೋಡಿದರೆ ಹಸಿರು ಕಡೆ ವಾಲುವ ಕಂದು. ಭೂತಗನ್ನಡಿ ಇಟ್ಟು ನೋಡಿದರೆ ಅದರಲ್ಲಿ ಸಾಸಿವೆ ಹಳದಿ, ಪಾಚಿ ಹಸಿರು, ತುಕ್ಕಿನ ಕೆಂಪು, ಅಲ್ಲೊಂದು ಇಲ್ಲೊಂದು ನೀಲಿ ಎಳೆ. ಉಣ್ಣೆಗೆ ಮೊದಲೇ ಬಣ್ಣ ಹಾಕಿ, ಆ ಬಣ್ಣಗಳನ್ನು ಬೆರೆಸಿ ನೂಲು ತೆಗೆಯುವುದರಿಂದ ಹೀಗಾಗುತ್ತದೆ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು, ಉಣ್ಣೆಯ ಜೊತೆ ಕುದಿಸಿ ಕೆಂಗಂದು ಬಣ್ಣ ತೆಗೆಯುತ್ತಿದ್ದರು. ಬಂಡೆಯ ಬಣ್ಣವೇ ಕೋಟಿಗೆ ಇಳಿದ ಹಾಗೆ ಅಲ್ವಾ?

ಆ ಎಳೆಗಳನ್ನು ನೋಡಿದ ಮೇಲೆ ಟೈ ಆರಿಸುವುದು ಸುಲಭವಾಯಿತು. ಬಟ್ಟೆಯ ಒಳಗೆ ಕಡಿಮೆ ಇರುವ ಬಣ್ಣಗಳಲ್ಲಿ ಒಂದನ್ನು ಟೈಗೆ ತೆಗೆದುಕೊಳ್ಳುತ್ತೇನೆ. ಈ ಟ್ವೀಡಿಗೆ ತುಕ್ಕಿನ ಬಣ್ಣದ ಉಣ್ಣೆ ಟೈ ಕಟ್ಟಿದಾಗ ಕೋಟಿನಲ್ಲಿ ಮಲಗಿದ್ದ ಆ ಎಳೆಗಳೆಲ್ಲ ಎದ್ದು ಕಂಡವು. ಜಾಸ್ತಿ ಇರುವ ಬಣ್ಣವನ್ನೇ ತೆಗೆದುಕೊಂಡರೆ ಟೈ ಕೋಟಿನಲ್ಲಿ ಮುಚ್ಚಿಹೋಗುತ್ತದೆ. ಗೆರೆ ಇರುವ ಸೂಟಾದರೆ ಗೆರೆಯ ಬಣ್ಣ ನೋಡಿ. ನನ್ನ ಮೊದಲ ಸೂಟಿನಲ್ಲಿ ಬಿಳಿ ಅಂದುಕೊಂಡಿದ್ದ ಗೆರೆ ನಿಜವಾಗಿ ತೆಳು ನೀಲಿ! ಅದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಟೈಯ ಬಣ್ಣದಷ್ಟೇ ಅದರ ಮೈಯೂ ಮುಖ್ಯ. ಹಳೇ ಸೂಟಿನ ಬಟ್ಟೆ ಭಾರ. ಒಂದು ಗಜಕ್ಕೆ 16, 18 ಔನ್ಸ್ (ಸುಮಾರು ಅರ್ಧ ಕಿಲೋ) ಇರುವುದು ಸಾಮಾನ್ಯ. ಈಗಿನ ಸೂಟುಗಳು ಅದರ ಅರ್ಧದಷ್ಟು ತೂಗುತ್ತವೆ. ಅಂಥ ಒರಟು ಬಟ್ಟೆಯ ಮೇಲೆ ಪಳಪಳ ಹೊಳೆಯುವ ತೆಳು ಟೈ ನಿಲ್ಲುವುದಿಲ್ಲ, ಬಣ್ಣ ಎಷ್ಟೇ ಸರಿ ಇದ್ದರೂ. ಹೆಣೆದ ರೇಷ್ಮೆ, ಉಣ್ಣೆ, ಹೊಳಪು ಕಡಿಮೆ ಇರುವ ಅಚ್ಚಿನ ರೇಷ್ಮೆ ಇವು ಒಪ್ಪುತ್ತವೆ. ಇನ್ನೊಂದು ವಿಷಯ. ಹಳೇ ಪ್ಯಾಂಟು ಹೊಕ್ಕುಳಿನವರೆಗೆ ಬರುತ್ತದೆ, ಹಳೇ ಟೈಗಳು ಗಿಡ್ಡ. ಹೊಸ ಉದ್ದ ಟೈ ಕಟ್ಟಿದರೆ ತುದಿ ಕೆಳಗೆ ಇಳಿದು ಪ್ಯಾಂಟಿನ ಮೇಲೆ ಬೀಳುತ್ತದೆ. ನಾನು ಉಳಿದದ್ದನ್ನು ವೇಸ್ಟ್‌ಕೋಟಿನ ಒಳಗೆ ಸೇರಿಸುತ್ತೇನೆ.

ಗುಂಡಿಯ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳಲೇಬೇಕು. ಮೊದಲ ಸೂಟಿಗೆ ಹಿಂದೆ ಯಾರೋ ಕಪ್ಪು ಪ್ಲಾಸ್ಟಿಕ್ ಗುಂಡಿ ಹಾಕಿಸಿದ್ದರು. ಸಣ್ಣ ವಿಷಯ ಅಂತ ಸುಮ್ನೆ ಬಿಟ್ಟಿದ್ದೆ. ಒಂದು ದಿನ ಅವನ್ನೆಲ್ಲ ಬಿಚ್ಚಿ, ಬಣ್ಣ ಬೆರೆತ ಕೊಂಬಿನ ಗುಂಡಿ ಹೊಲಿದೆ. ಸೂಟಿನ ಬಣ್ಣವೇ ಬದಲಾದ ಹಾಗೆ ಕಂಡಿತು. ಕಪ್ಪು ಗುಂಡಿಗಳು ಅಷ್ಟು ದಿನ ಸುತ್ತಲ ಕಂದನ್ನು ಮಂಕಾಗಿ ತೋರಿಸುತ್ತಿದ್ದವು. ಕೊಂಬಿನ ಗುಂಡಿ ಸಿಗದಿದ್ದರೆ ಕೊರೋಜೋ ಗುಂಡಿ ಹುಡುಕಿ. ತಾಗುವಾ ಎಂಬ ತಾಳೆ ಜಾತಿಯ ಮರದ ಗಟ್ಟಿ ಬೀಜದಿಂದ ಮಾಡುತ್ತಾರೆ. ಪ್ಲಾಸ್ಟಿಕ್ ಬರುವ ಮೊದಲು ಸೂಟುಗಳಿಗೆ ಇದನ್ನು ಬಹಳ ಬಳಸುತ್ತಿದ್ದರು, ಆದ್ದರಿಂದ ಹಳೇ ಸೂಟಿಗೆ ಸರಿಯಾಗಿ ಕೂರುತ್ತದೆ.

ಶೂ ವಿಷಯದಲ್ಲಿ ನನ್ನದು ಸರಳ ಲೆಕ್ಕ. ಸೂಟಿಗಿಂತ ಗಾಢವಾಗಿರಬೇಕು, ಇಲ್ಲವೇ ಕೆಂಪು ಕಡೆಗೆ ಇರಬೇಕು. ಮರೂನ್ ಛಾಯೆಯ ಚರ್ಮ ಎಲ್ಲ ಕಂದಿಗೂ ಸರಿಹೋಗುತ್ತದೆ. ಸೂಟಿಗಿಂತ ತಿಳಿಯಾದ ಶೂ ಹಾಕಿದರೆ ಕಣ್ಣು ನೆಲಕ್ಕೇ ಹೋಗುತ್ತದೆ. ಕಪ್ಪು ಶೂ ಎರಡು ಸಲ ಹಾಕಿ ನೋಡಿದೆ, ಪಾದ ಬೇರೆ ಯಾರದ್ದೋ ಅನ್ನಿಸಿತು. ಸಾಕ್ಸ್ ಪ್ಯಾಂಟಿನ ಬಣ್ಣದ್ದೋ ಟೈಯ ಬಣ್ಣದ್ದೋ ಇದ್ದರೆ ಸಾಕು.

ಟೋಪಿ ಮಾತ್ರ ಸೂಟಿನ ಬಣ್ಣದ್ದೇ ಬೇಡ. ಬಹುತೇಕ ಒಂದೇ, ಆದರೆ ಪೂರ್ತಿ ಒಂದಲ್ಲ ಅನ್ನುವ ಸ್ಥಿತಿ ಇದೆಯಲ್ಲ, ಅದಕ್ಕಿಂತ ಕೆಟ್ಟದ್ದು ಇಲ್ಲ. ಎರಡು ಮೆಟ್ಟಿಲು ಗಾಢ ಅಥವಾ ಎರಡು ಮೆಟ್ಟಿಲು ತಿಳಿ ಇರಲಿ. ನಾನು ಜಾಸ್ತಿ ಹಾಕುವುದು ಪಾಚಿ ಹಸಿರಿನ ಫೆಡೋರಾ, ಅದಕ್ಕೆ ಕಡು ಕಂದು ಪಟ್ಟಿ.

ಹಳೇ ಬಟ್ಟೆ ಅಂದ ಮೇಲೆ ಬಣ್ಣ ಮಾಸಿರುತ್ತದೆ. ಕೋಟಿನ ಕಾಲರ್ ಎತ್ತಿ ಕೆಳಗೆ ನೋಡಿ, ಮೊದಲಿನ ಬಣ್ಣ ಅಲ್ಲಿ ಉಳಿದಿರುತ್ತದೆ. ಹೆಗಲಿನಲ್ಲಿ ಬಿಸಿಲು ತಿಂದು ತಿಳಿಯಾಗಿರುತ್ತದೆ. ನಾನು ಮೊದಮೊದಲು ಕಾಲರ್ ಕೆಳಗಿನ ಬಣ್ಣಕ್ಕೆ ಹೊಂದಿಸುತ್ತಿದ್ದೆ, ಅದೇ ನಿಜವಾದ ಬಣ್ಣ ಅಂತ. ಅದು ತಪ್ಪು. ನೋಡುವವರ ಕಣ್ಣಿಗೆ ಬೀಳುವುದು ಮಾಸಿದ ಬಣ್ಣವೇ. ಹೊಂದಿಸಬೇಕಾದದ್ದೂ ಅದಕ್ಕೇ. ಆ ಒಳಗಿನ ಜಾಗ ಬೇರೆ ಕೆಲಸಕ್ಕೆ ಬರುತ್ತದೆ. ಹುಳು ತಿಂದ ತೂತು ಮುಚ್ಚಲು ಒಳ ಹೊಲಿಗೆಯ ಅಂಚಿನಿಂದ ಎಳೆ ತೆಗೆದು ರಫು ಮಾಡಿದರೆ ಬೇರೆ ದಾರ ಹುಡುಕುವ ಕಷ್ಟವಿಲ್ಲ.

ನನ್ನ ಮೊದಲ ಸೂಟು ಯಾವ ಕಾಲದ್ದು ಎಂಬುದನ್ನೂ ಹೀಗೇ ಒಳಗೆ ತಡಕಾಡಿ ಕಂಡುಕೊಂಡೆ. ಒಳಜೇಬಿನಲ್ಲಿ ಅಮೆರಿಕದ ಬಟ್ಟೆ ಕಾರ್ಮಿಕರ ಸಂಘದ ಚೀಟಿ ಇತ್ತು, 1939ರ ನಮೂನೆಯದು. ಮುಂದಿನ ನಮೂನೆ ಬಂದದ್ದು 1949ರಲ್ಲಿ. ಹಾಗಾಗಿ ಸೂಟು ಆ ಹತ್ತು ವರ್ಷದ ಒಳಗಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ, ಬಟ್ಟೆ ಉಳಿಸಲು ಪ್ಯಾಂಟಿನ ಕಾಲಿನ ಮಡಿಕೆಯನ್ನು ಅಲ್ಲಿ ನಿಷೇಧಿಸಿದ್ದರು. ನನ್ನದರಲ್ಲಿ ಅಗಲವಾದ ಮಡಿಕೆ ಇದೆ. ಅಂದರೆ ಆ ನಿಷೇಧಕ್ಕೆ ಮೊದಲಿನದು ಅಥವಾ ಅದು ಮುಗಿದ ಮೇಲಿನದು.

ಬೆಳಕಿನ ಬಗ್ಗೆಯೂ ಹೇಳಬೇಕು. ಹಳದಿ ಬಲ್ಬಿನ ಕೆಳಗೆ ಕಂದು ಕೆಂಪಾಗುತ್ತದೆ, ಚೆನ್ನಾಗಿ ಕಾಣುತ್ತದೆ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಅದೇ ಬಟ್ಟೆ ಸತ್ತ ಹಾಗೆ. ಮೋಡದ ಹಗಲಿನಲ್ಲಿ ಹಸಿರು ಛಾಯೆ ಮೇಲೆ ಬರುತ್ತದೆ. ನಾನು ಸಂಜೆಗೆ ಹಾಕುವುದನ್ನು ಸಂಜೆಯ ಬೆಳಕಲ್ಲೇ ಹೊಂದಿಸುತ್ತೇನೆ. ಹಗಲಿಗೆ ಹಾಕುವುದನ್ನು ಕಿಟಕಿ ಪಕ್ಕ. ರಾತ್ರಿ ಬಲ್ಬಿನ ಕೆಳಗೆ ಎಲ್ಲ ಜೋಡಿಸಿಟ್ಟು, ಬೆಳಿಗ್ಗೆ ಬಾಗಿಲ ಹೊರಗೆ ಕಾಲಿಟ್ಟಾಗ ಮರೂನ್ ಟೈ ನೇರಳೆಯಾಗಿ ಕಂಡಿದ್ದನ್ನು ಮರೆತಿಲ್ಲ.

ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ಸೂಟಿನ ಒಳ ಅಂಚಿನಿಂದ ಒಂದೆರಡು ಎಳೆ ತೆಗೆದು ಒಂದೊಂದು ಪುಟಕ್ಕೆ ಅಂಟಿಸಿದ್ದೇನೆ. ಕೆಳಗೆ ಯಾವ ಶರ್ಟು, ಯಾವ ಟೈ, ಯಾವ ಬೆಳಕಿನಲ್ಲಿ ಹೇಗೆ ಕಂಡಿತು ಎಂದು ಬರೆಯುತ್ತೇನೆ. ಹೊಸ ಟೈ ನೋಡಲು ಹೋಗುವಾಗ ಇದೇ ನೋಟ್‌ಬುಕ್ ಜೊತೆಗಿರುತ್ತದೆ. ಕೊನೆಯ ಪುಟದಲ್ಲಿ ತಂಬಾಕು ಬಣ್ಣದ ಒಂದು ತೆಳು ಸೂಟಿನ ಎಳೆ ಇದೆ, ಹಳದಿಗೆ ವಾಲುವಂಥದ್ದು. ಅದಕ್ಕೆ ಕೆನೆ ಬಣ್ಣದ ಶರ್ಟು ಸರಿಹೋಯಿತು. ಕಡು ನೀಲಿ ಹೆಣಿಗೆಯ ಟೈ ಚೆನ್ನಾಗಿದೆ, ಬಾಟಲಿ ಹಸಿರು ಇನ್ನೂ ಚೆನ್ನಾಗಿರಬಹುದು ಅನ್ನಿಸುತ್ತಿದೆ. ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.